ಒಂದೇ ಗೂಡಿನಲ್ಲಿ ನಲವತ್ತೆರಡು ದಿನ

ಸ್ಲೈಡಿಗೆ ಬಣ್ಣ ಹಾಕಿ ತೊಳೆದವಳು ನಾನೇ. ಸೂಕ್ಷ್ಮದರ್ಶಕದ ಕೆಳಗೆ, ನೀಲಿ ಹಿನ್ನೆಲೆಯಲ್ಲಿ, ಎರಡು ಸಣ್ಣ ಕೆಂಪು ಕಡ್ಡಿಗಳು ಕಂಡವು. ಬಹಳ ಹೊತ್ತು ನೋಡಿದೆ. ಸ್ಲೈಡಿನ ಅಂಚಿನಲ್ಲಿ ಹೆಸರಿರಲಿಲ್ಲ, ೩೧೭ ಎಂಬ ಅಂಕಿ ಮಾತ್ರ ಇತ್ತು. ಆ ೩೧೭ ನಾನು.

ಅದು ೧೯೫೮ರ ನವೆಂಬರ್. ಭದ್ರಾವತಿಯ ವರ್ತಕರು ಸೇರಿ ನಡೆಸುತ್ತಿದ್ದ ಒಂದು ಚಿಕ್ಕ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಬಿ.ಎಸ್‌ಸಿ. ಮುಗಿಸಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂರು ತಿಂಗಳಿಂದ ಮೂತ್ರದಲ್ಲಿ ಆಗಾಗ ರಕ್ತ, ಸಂಜೆಯಾದರೆ ತುಸು ಜ್ವರ. ರವಿಕೆಗಳೆಲ್ಲ ಸಡಿಲವಾಗಿದ್ದವು. ಯಾರಿಗೂ ಹೇಳದೆ ನನ್ನದೇ ಮಾದರಿಯನ್ನು ಪರೀಕ್ಷಿಸಿಕೊಂಡು, ಕೆಂಪು ಕಡ್ಡಿಗಳು ಕಂಡ ಮೇಲೆ, ಡಾಕ್ಟರ್ ಷಡಕ್ಷರಪ್ಪನವರ ಮುಂದೆ ಹೋಗಿ ನಿಂತೆ. ಅವರು ಮೈಸೂರಿನ ಕ್ಷಯರೋಗದ ಆಸ್ಪತ್ರೆಯೊಂದರಲ್ಲಿ ಹತ್ತು ವರ್ಷ ಇದ್ದು ಬಂದವರು.

ಅವರು ಸ್ಲೈಡನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. ಈ ಕಡ್ಡಿಗಳು ಕ್ಷಯದ ಕ್ರಿಮಿಗಳಿರಬಹುದು, ಇಲ್ಲವೇ ಹೊರಚರ್ಮದ ಮೇಲೆ ಸುಮ್ಮನೆ ಬದುಕಿಕೊಂಡಿರುವ ನಿರುಪದ್ರವಿ ಕ್ರಿಮಿಗಳೂ ಇರಬಹುದು, ಎರಡೂ ನೋಡಲು ಒಂದೇ ಥರ ಎಂದರು. ನಮ್ಮ ಕಣ್ಣಿಗೆ ತಿಳಿಯದ ಈ ವ್ಯತ್ಯಾಸ ಗಿನಿಪಿಗ್ಗಿನ ಮೈಗೆ ತಿಳಿಯುತ್ತದೆ. ಮಾದರಿಯನ್ನು ಅದರ ತೊಡೆಗೆ ಚುಚ್ಚಿ ಆರು ವಾರ ಕಾಯಬೇಕು. ಕ್ಷಯವಾದರೆ ಮೂರನೆಯ ನಾಲ್ಕನೆಯ ವಾರಕ್ಕೆ ಅದೇ ಬದಿಯ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ. ಆರನೆಯ ವಾರ ಪ್ರಾಣಿಯನ್ನು ಕೊಂದು ಕೊಯ್ದು ನೋಡಿದರೆ ಗುಲ್ಮದ ಮೇಲೂ ಪಿತ್ತಜನಕಾಂಗದ ಮೇಲೂ ರವೆಯಂಥ ಕಾಳುಗಳಿರುತ್ತವೆ. ಬೇರೆ ಕ್ರಿಮಿಯಾದರೆ ಏನೂ ಇರುವುದಿಲ್ಲ.

ಕ್ಷಯವೇ ಆದರೆ ಎಂದು ಕೇಳಿದೆ.

"ಮೈಸೂರಿಗೆ ಹೋಗ್ಬೇಕಾಗುತ್ತಮ್ಮ. ಒಂದು ಕಿಡ್ನಿ ತೆಗೀಬೇಕಾಗ್ಬಹುದು. ಒಂದೂವರೆ ವರ್ಷ ಅಂತ ಇಟ್ಕೊಳ್ಳಿ."

ನನ್ನ ಮಗಳು ವಾರಿಜಳಿಗೆ ಆಗ ಮೂರು ವರ್ಷ. ಈ ಕಾಯಿಲೆ ಉಸಿರಿನಿಂದ ಹರಡುವುದಲ್ಲ, ಮಗುವನ್ನು ದೂರ ಇಡಬೇಕಾಗಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ನಾನು ಎರಡು ಸಲವೂ ತಲೆಯಾಡಿಸಿದೆ. ಅದೇ ಸಂಜೆಯ ರೈಲಿನಲ್ಲಿ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ದುರ್ಗಿಗುಡಿಯಲ್ಲಿದ್ದ ನನ್ನ ತಾಯಿ ಸುವರ್ಣಮ್ಮನ ಕೈಗೆ ಒಪ್ಪಿಸಿದೆ. ವಠಾರದಲ್ಲಿ ಸಿಡುಬು ಬಂದಿದೆ ಎಂದು ಸುಳ್ಳು ಹೇಳಿದೆ. ವಾಪಸು ಬಂದು ಅವಳ ಬಟ್ಟೆ, ದುಪ್ಪಟಿ, ಬಟ್ಟೆಗೊಂಬೆ ಎಲ್ಲವನ್ನೂ ಹಂಡೆಯ ನೀರಿನಲ್ಲಿ ಕುದಿಸಿ ಒಣಹಾಕಿದೆ. ನನ್ನ ಯಜಮಾನರು ಲಕ್ಷ್ಮೀಕಾಂತ, ಊರಿನ ಕಬ್ಬಿಣದ ಕಾರ್ಖಾನೆಯ ಕಡೆಯಿಂದ ಆರು ತಿಂಗಳ ತರಬೇತಿಗೆ ಜಮ್‌ಷೆಡ್‌ಪುರಕ್ಕೆ ಹೋಗಿದ್ದರು. ಅವರಿಗೆ ಬರೆದ ಕಾಗದದಲ್ಲಿ 'ಎಲ್ಲರೂ ಕ್ಷೇಮ' ಎಂಬ ಸಾಲಿನ ಬದಲು 'ವಾರಿಜ ಅಜ್ಜಿಯ ಮನೆಯಲ್ಲಿ ಕ್ಷೇಮ' ಎಂದು ಬರೆದೆ. ಅಷ್ಟರಮಟ್ಟಿಗೆ ಅದು ನಿಜವಾಗಿತ್ತು.

ಆಸ್ಪತ್ರೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮೂರು ಗೂಡುಗಳಿದ್ದವು. ಒಂದಕ್ಕೆ ಗೆದ್ದಲು ಹತ್ತಿತ್ತು, ಇನ್ನೊಂದರ ಜಾಲರಿಯನ್ನು ಹೆಗ್ಗಣ ಕಡಿದಿತ್ತು. ಬಡಗಿ ಮಾರಪ್ಪ ಎಂಟು ದಿನದಲ್ಲಿ ಹೊಸದು ಮಾಡಿಕೊಡುತ್ತೇನೆಂದ. ಅವನ ಎಂಟು ದಿನ ಮುಗಿಯಲೇ ಇಲ್ಲ. ಉಳಿದಿದ್ದ ಒಂದೇ ಗೂಡಿನಲ್ಲಿ ಒಂದು ಹೆಣ್ಣು ಗಿನಿಪಿಗ್ ಒಂದು ವರ್ಷದಿಂದ ಒಂಟಿಯಾಗಿತ್ತು. ಬಿಳಿ ಮೈ, ಕೆಂಪು ಕಣ್ಣು, ದಪ್ಪ ಕತ್ತು. ಒಂದು ಸತ್ತರೆ ಇನ್ನೊಂದಾದರೂ ಇರಲಿ ಎಂದು ಪರೀಕ್ಷೆಗೆ ಎರಡು ಬೇಕು. ಶಿವಮೊಗ್ಗದ ಕಾಲೇಜೊಂದರಿಂದ ಇನ್ನೊಂದನ್ನು ಬಿದಿರುಬುಟ್ಟಿಯಲ್ಲಿ ತರಿಸಿದರು. ಅದೂ ಹೆಣ್ಣೇ, ಅದೂ ಬಿಳಿಯೇ, ವಯಸ್ಸು ಮಾತ್ರ ಕಡಿಮೆ. ಗುರುತಿಗೆಂದು ಅದರ ತಲೆಗೆ ಪಿಕ್ರಿಕ್ ಆಮ್ಲದ ಹಳದಿ ಹಚ್ಚಿದೆ. ಡಾಕ್ಟರು ಎರಡರ ಬಲತೊಡೆಗೂ ನನ್ನ ಮಾದರಿಯನ್ನು ಚುಚ್ಚಿದರು. ಪ್ರಾಣಿಗಳನ್ನು ಹಿಡಿದುಕೊಂಡಿದ್ದವಳು ನಾನು.

ಕೈ ತೊಳೆದುಕೊಳ್ಳುತ್ತಾ ಅವರು ಒಂದು ಮಾತು ಹೇಳಿದರು. "ಕಚ್ಚಾಡದ ಹಾಗೆ ನೋಡ್ಕೊಳ್ಳಿ. ಆ ಕಾಲಲ್ಲಿ ಗಾಯ ಆಯ್ತು ಅಂದ್ರೆ ಅದಕ್ಕೂ ಗಡ್ಡೆ ಏಳುತ್ತೆ. ಆಮೇಲೆ ಅದು ಹಲ್ಲಿಂದೋ ಕಾಯಿಲೇದೋ ನನಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ."

ಹೀಗೆ ನನ್ನ ಒಂದೂವರೆ ವರ್ಷ, ನನ್ನ ಕಿಡ್ನಿ, ನನ್ನ ಮಗಳು ಎಲ್ಲವೂ ಆ ಎರಡು ಪ್ರಾಣಿಗಳು ಹೊಂದಿಕೊಳ್ಳುವುದರ ಮೇಲೆ ನಿಂತವು.

ಅವು ಹೊಂದಿಕೊಳ್ಳಲಿಲ್ಲ. ಹೊಸದನ್ನು ಒಳಗೆ ಬಿಟ್ಟ ಕೂಡಲೆ ಹಳೆಯದು ಗುರ್ ಎನ್ನುತ್ತಾ ಸೊಂಟ ಅಲ್ಲಾಡಿಸಿಕೊಂಡು ಅದರ ಸುತ್ತ ಸುತ್ತಿತು. ಹಲ್ಲು ಕಟಕಟ ಎಂದಿತು. ಹೊಸದು ಮೂಲೆಗೆ ಒತ್ತಿಕೊಂಡು ಮೂತಿ ಮೇಲೆತ್ತಿ ಕಿರುಚಿತು. ನಾನು ಓಡಿಹೋಗಿ ನಡುವೆ ಹಲಗೆ ಇಳಿಬಿಟ್ಟೆ. ಅರ್ಧ ಗಂಟೆ ಬಿಟ್ಟು ತೆಗೆದೆ. ಮತ್ತೆ ಕಟಕಟ. ಮತ್ತೆ ಹಲಗೆ. ಆ ಸದ್ದು ನನಗೆ ಮನೆಯಲ್ಲೂ ಕೇಳತೊಡಗಿತು. ಕಾರ್ಖಾನೆಯ ಸೈರನ್ ನಿಂತ ಮೇಲಿನ ಮೌನದಲ್ಲಿ, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ನಡುಗಿದಾಗ, ನನ್ನದೇ ಹಲ್ಲುಗಳಲ್ಲಿ.

ನನ್ನ ಕೆಲಸದಲ್ಲಿ ಮಾತ್ರ ಕೊರತೆ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಎರಡನ್ನೂ ಬೇರೆ ಬೇರೆ ಬುಟ್ಟಿಗೆ ಹಾಕಿ, ಹುಲ್ಲನ್ನೆಲ್ಲ ತೆಗೆದು ಸುಟ್ಟು, ಗೂಡನ್ನು ಫಿನಾಯಿಲ್ ನೀರಿನಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಹೊಸ ಹುಲ್ಲು ಹಾಸುತ್ತಿದ್ದೆ. ಎರಡರ ಪಾದಗಳನ್ನೂ ಔಷಧಿ ಬೆರೆಸಿದ ನೀರಿನಲ್ಲಿ ಒರೆಸುತ್ತಿದ್ದೆ. ಹಳದಿ ಮಾಸದಿದ್ದರೂ ಮತ್ತೆ ಹಚ್ಚುತ್ತಿದ್ದೆ. ಡಾಕ್ಟರು ವಾರಕ್ಕೆರಡು ಸಲ ಸಾಕು ಎಂದಿದ್ದರು. ಆದರೆ ಅವುಗಳ ಮೈಯೊಳಗೆ ಏನಿದೆಯೆಂದು ನನಗೆ ಗೊತ್ತಿತ್ತು. ಅದು ನನ್ನಿಂದ ಹೋದದ್ದು. ಅದನ್ನು ದಿನಾ ತೊಳೆಯದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಒಂಬತ್ತನೆಯ ದಿನ ಹೊಸದರ ಬಲತೊಡೆಯಲ್ಲಿ ರಕ್ತ ಕಂಡಿತು. ಎರಡು ಹಲ್ಲಿನ ಗುರುತು, ನಡುವೆ ಕೂದಲು ಕಿತ್ತುಹೋಗಿತ್ತು. ನಾನು ಟಿಂಚರ್ ಹಚ್ಚಿ ಹಲಗೆ ಇಳಿಬಿಟ್ಟು ಶೆಡ್ಡಿನ ನೆಲದ ಮೇಲೆ ಕುಳಿತುಬಿಟ್ಟೆ.

ಸರ್ವರ್ ಬೀ ನನ್ನನ್ನು ಕಂಡದ್ದು ಹಾಗೆ. ಅವಳು ಆಸ್ಪತ್ರೆಯ ಆಯಾ, ಐವತ್ತು ದಾಟಿದವಳು. ಗಂಡ ರಸೂಲ್ ಸಾಬ್ ಜಟಕಾ ಹೊಡೆಯುತ್ತಿದ್ದ. ಕುದುರೆಗೆಂದು ತರುವ ಕುದುರೆಮಸಾಲೆ ಸೊಪ್ಪಿನಲ್ಲಿ ಒಂದು ಹಿಡಿಯನ್ನು ಅವಳು ದಿನಾ ಈ ಪ್ರಾಣಿಗಳಿಗೆ ತಂದುಕೊಡುತ್ತಿದ್ದಳು. ಹಳೆಯ ಗಿನಿಪಿಗ್ಗಿಗೆ ತನ್ನ ನಾದಿನಿ ಜೈನಾಬಿಯ ಹೆಸರನ್ನೇ ಇಟ್ಟಿದ್ದಳು. ಅವಳೂ ಹೀಗೇ, ಯಾರನ್ನೂ ಒಲೆ ಹತ್ತಿರ ಸೇರಿಸಲ್ಲ ಎಂದಿದ್ದಳು. ಹಳದಿ ತಲೆಯದನ್ನು ದುಲ್ಹನ್ ಎಂದು ಕರೆಯುತ್ತಿದ್ದಳು. ಮದುಮಗಳು.

ಅವಳು ಎಲೆ ಅಡಿಕೆ ಅಗಿಯುತ್ತಾ ಗೂಡಿನ ಒಳಗೆ ಬಗ್ಗಿ ಮೂಸಿ ನೋಡಿದಳು.

"ಅಮ್ಮಾ, ಒಂದು ಮಾತು ಹೇಳ್ಲಾ? ಬೈಕೋಬೇಡಿ. ಜಗಳ ಇವು ಮಾಡ್ತಿಲ್ಲ, ನೀವು ಮಾಡಿಸ್ತಿದೀರಿ."

ನಾನು ಟಿಂಚರ್ ಬಾಟಲಿಯ ಮುಚ್ಚಳ ತಿರುಗಿಸಿದೆ.

"ದಿನಾ ಬೆಳಿಗ್ಗೆ ಇವುಗಳ ವಾಸನೆ ಎಲ್ಲಾ ತೊಳೆದು ಹಾಕ್ತೀರಿ. ಮನೇದೂ ಇಲ್ಲ, ಮೈದೂ ಇಲ್ಲ. ಜೈನಾಬಿಗೆ ಪಾಪ ದಿನಾ ಹೊಸ ದುಲ್ಹನ್ ಬರ್ತಾಳೆ. ದಿನಾ ಮದುವೆ ಆದ್ರೆ ಯಾವ ಮನೇಲಿ ಜಗಳ ಇರಲ್ಲ ಹೇಳಿ?"

ಆಮೇಲೆ ಅವಳು ತನ್ನ ಕೋಳಿಗಳ ವಿಷಯ ಹೇಳಿದಳು. ಸಂತೆಯಿಂದ ಹೊಸ ಕೋಳಿ ತಂದರೆ, ಹಳೆಯವು ಮಲಗಿದ್ದ ಗೋಣಿಯ ಮೇಲೆಯೇ ಅದನ್ನು ಒಂದು ದಿನ ಕೂರಿಸುತ್ತಾರಂತೆ. ಗೋಣಿಯನ್ನು ಒಗೆಯುವುದಿಲ್ಲವಂತೆ. ಮೊದಲ ದಿನ ಕುಟುಕುತ್ತವೆ, ಓಡಿಸುತ್ತವೆ. ಯಾರು ಮೊದಲು ತಿನ್ನಬೇಕು, ಯಾರು ಆಮೇಲೆ ಎಂದು ಗೊತ್ತಾಗುವವರೆಗೆ ಅಷ್ಟೆ. ನಡುವೆ ಬಿಡಿಸಿದರೆ ಮೊದಲಿನಿಂದ ಶುರುವಾಗುತ್ತದೆ. ರಕ್ತ ಬಂದರೆ ಮಾತ್ರ ಬಿಡಿಸಬೇಕು.

"ರಕ್ತ ಬಂತಲ್ಲ," ಎಂದೆ.

"ಬಂತು. ಒಂಬತ್ತು ದಿನ ಒಂಬತ್ತು ಸಲ ಮದುವೆ ಮಾಡಿದ್ರಿ, ಬಂತು."

ನನಗೆ ಸಿಟ್ಟು ಬಂತು. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಆದರೆ ಆ ಮಧ್ಯಾಹ್ನ ರಿಜಿಸ್ಟರು ತೆಗೆದು ನೋಡಿದೆ. ನಾನೇ ಬರೆದ ಅಕ್ಷರಗಳು. ಪ್ರತಿದಿನ 'ಸ್ವಚ್ಛಗೊಳಿಸಲಾಯಿತು, ೮ ಗಂಟೆ'. ಅದರ ಕೆಳಗೆ ಪ್ರತಿದಿನ 'ಕಚ್ಚಾಟ, ೯ ಗಂಟೆ'. ಭಾನುವಾರ ಮಾತ್ರ ನನಗೆ ರಜೆ, ಸುಮ್ಮನೆ ನೋಡಿ ಹೋಗಲು ಬಂದಿದ್ದೆ, ಗೂಡು ತೊಳೆದಿರಲಿಲ್ಲ. ಅವತ್ತಿನ ಸಾಲು ಖಾಲಿ ಇತ್ತು. ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟೆ. ಆ ಗಾಯವನ್ನು ಮಾಡಿದವಳು ನಾನೇ.

ಗಾಯ ಒಣಗಲು ಮೂರು ದಿನ ಹಲಗೆಯ ಆಚೀಚೆ ಇಟ್ಟೆವು. ಹಲಗೆಯ ಬದಲು ಜಾಲರಿ ಇಡಿ, ಮುಖ ಕಾಣಲಿ ಎಂದಳು ಸರ್ವರ್ ಬೀ. ದಿನಕ್ಕೊಮ್ಮೆ ಇತ್ತಲಿನ ಹುಲ್ಲನ್ನು ಅತ್ತ, ಅತ್ತಲಿನದನ್ನು ಇತ್ತ ಬದಲಾಯಿಸಿದೆವು. ಡಾಕ್ಟರನ್ನು ಕೇಳಿದೆ. ಇಷ್ಟು ಬೇಗ ಅವುಗಳಿಂದ ಹರಡುವಂಥದ್ದೇನೂ ಇಲ್ಲ, ಕೈಗವಸು ಹಾಕಿಕೊಂಡರೆ ಸಾಕು ಎಂದರು. ನಾನು ಎರಡು ಜೊತೆ ಹಾಕಿಕೊಂಡೆ. ಫಿನಾಯಿಲ್ ಡಬ್ಬವನ್ನು ಸರ್ವರ್ ಬೀ ತೆಗೆದುಕೊಂಡು ಹೋಗಿ ಎಲ್ಲೋ ಇಟ್ಟಳು. ಎಲ್ಲಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೋಗಿ ತರುತ್ತಿದ್ದೆ.

ಹದಿಮೂರನೆಯ ದಿನ ಶೆಡ್ಡಿನ ಹೊರಗಿನ ಜಗಲಿಯಲ್ಲಿ ಹಳೆಯ ಚಾಪೆಗಳನ್ನು ನಿಲ್ಲಿಸಿ ದುಂಡಗೆ ಒಂದು ಆವರಣ ಮಾಡಿದೆವು. ಅದು ಜೈನಾಬಿಯ ಜಾಗವೂ ಅಲ್ಲ, ದುಲ್ಹನ್‌ಳದೂ ಅಲ್ಲ. ನಡುವೆ ಸೊಪ್ಪನ್ನು ಗುಡ್ಡೆ ಹಾಕಿ ಎರಡನ್ನೂ ಬಿಟ್ಟೆವು. ನಾನು ಒಂದು ಬದಿಯಲ್ಲಿ, ಸರ್ವರ್ ಬೀ ನನ್ನ ಪಕ್ಕದಲ್ಲಿ.

ಎರಡೂ ಸ್ವಲ್ಪ ಹೊತ್ತು ಸೊಪ್ಪು ತಿಂದವು. ಆಮೇಲೆ ಜೈನಾಬಿ ಗುರ್ ಎಂದು ಸುತ್ತತೊಡಗಿತು. ಹಲ್ಲು ಕಟಕಟ ಎಂದಿತು. ದುಲ್ಹನ್ ಓಡಿತು, ಜೈನಾಬಿ ಅಟ್ಟಿತು, ಚಾಪೆಯ ಅಂಚಿಗೆ ಒತ್ತಿ ಅದರ ಮೇಲೆ ಹತ್ತಿ ನಿಂತಿತು. ದುಲ್ಹನ್ ಕಿರುಚಿತು. ನಾನು ಎದ್ದೆ. ಸರ್ವರ್ ಬೀ ನನ್ನ ಸೆರಗು ಹಿಡಿದು ಎಳೆದಳು.

"ರಕ್ತ ಬಂತಾ?"

"ಇಲ್ಲ."

"ಮತ್ತೆ? ಕೂತ್ಕೊಳ್ಳಿ. ಕೈ ಮಡಿಲಲ್ಲಿರ್ಲಿ."

ಕುಳಿತೆ. ಎರಡು ಕೈಗಳನ್ನೂ ಮಡಿಲಲ್ಲಿ ಹೆಣೆದುಕೊಂಡೆ. ಬೆರಳುಗಳು ಬಿಳಿಚಿಕೊಂಡವು. ಹಾಗೆ ಕೈಕಟ್ಟಿ ಕುಳಿತ ಆ ಒಂದು ಗಂಟೆಯಲ್ಲಿ ಆದಷ್ಟು ಭಯ ನನಗೆ ಸ್ಲೈಡನ್ನು ನೋಡಿದಾಗಲೂ ಆಗಿರಲಿಲ್ಲ. ಒಂಬತ್ತು ಸಲವೋ ಹತ್ತು ಸಲವೋ ಅವು ಅಟ್ಟಾಡಿದವು. ಪ್ರತಿ ಸಲವೂ ನನ್ನ ಮೊಣಕಾಲು ತಾನಾಗಿ ಏಳಲು ಹೋಯಿತು, ಪ್ರತಿ ಸಲವೂ ಸೆರಗಿನ ತುದಿ ಬಿಗಿಯಿತು. ಕೊನೆಗೆ ದುಲ್ಹನ್ ಓಡುವುದನ್ನು ಬಿಟ್ಟು ತಲೆ ತಗ್ಗಿಸಿ ನಿಂತಿತು. ಜೈನಾಬಿ ಅದರ ಕಿವಿ ಮೂಸಿತು, ಹಳದಿ ತಲೆ ಮೂಸಿತು, ಆಮೇಲೆ ಏನೂ ಆಗಿಲ್ಲವೆಂಬಂತೆ ತಿರುಗಿ ಸೊಪ್ಪಿಗೆ ಬಾಯಿ ಹಾಕಿತು. ತುಸು ಹೊತ್ತಿಗೆ ದುಲ್ಹನ್ ಅದೇ ಗುಡ್ಡೆಯ ಇನ್ನೊಂದು ಬದಿಯಿಂದ ಒಂದು ಎಸಳು ಎಳೆದುಕೊಂಡಿತು.

"ಆಯ್ತು, ಜೈನಾಬಿ ಅತ್ತೆ ಆದ್ಲು," ಎಂದು ಸರ್ವರ್ ಬೀ ಎಲೆ ಅಡಿಕೆ ಉಗುಳಲು ಎದ್ದುಹೋದಳು.

ಗೂಡಿನಲ್ಲಿ ಎರಡು ತುದಿಗೆ ಎರಡು ಬಟ್ಟಲು ಇಟ್ಟೆ. ಔಷಧಿ ಬಾಟಲಿಗಳು ಬರುವ ಮರದ ಪೆಟ್ಟಿಗೆಗೆ ಎರಡು ಕಡೆ ಬಾಗಿಲು ಕೊಯ್ದು, ಮಲಗುವ ಮನೆ ಮಾಡಿಕೊಟ್ಟೆ. ಒಂದು ಒಳಬಂದರೆ ಇನ್ನೊಂದಕ್ಕೆ ಹೊರಹೋಗಲು ದಾರಿ ಇರಬೇಕು. ಒದ್ದೆಯಾದ ಹುಲ್ಲನ್ನಷ್ಟೇ ತೆಗೆದು ಉಳಿದದ್ದನ್ನು ಹಾಗೇ ಬಿಡತೊಡಗಿದೆ. ಕಟಕಟ ಸದ್ದು ದಿನಕ್ಕೆರಡು ಸಲ ಕೇಳುತ್ತಿತ್ತು, ಆಮೇಲೆ ಎರಡು ದಿನಕ್ಕೊಮ್ಮೆ. ಹದಿನೆಂಟನೆಯ ದಿನ ಬೆಳಿಗ್ಗೆ ಪೆಟ್ಟಿಗೆಯೊಳಗೆ ಇಣುಕಿದಾಗ ಎರಡೂ ಮೈಗೆ ಮೈ ತಾಗಿಸಿ ಮಲಗಿದ್ದವು. ಆ ಸಂಗತಿಯನ್ನು ಬರೆಯಲು ರಿಜಿಸ್ಟರಿನಲ್ಲಿ ಅಂಕಣವಿರಲಿಲ್ಲ. ಅಂಚಿನಲ್ಲಿ ಬರೆದೆ.

ಇಪ್ಪತ್ತೆರಡನೆಯ ದಿನ ದುಲ್ಹನ್‌ಳ ಬಲತೊಡೆಯ ಸಂದಿಯಲ್ಲಿ ಬೆರಳಿಗೆ ಏನೋ ಸಿಕ್ಕಿತು. ಹೆಸರುಕಾಳಿನಷ್ಟು. ಚರ್ಮದ ಕೆಳಗೆ ಜಾರುತ್ತಿತ್ತು.

ಜೈನಾಬಿಯನ್ನು ಹಿಡಿದು ನೋಡಿದೆ, ಏನೂ ಇರಲಿಲ್ಲ. ಮತ್ತೆ ದುಲ್ಹನ್‌ಳನ್ನು ಮುಟ್ಟಿದೆ. ಇತ್ತು. ಡಾಕ್ಟರು ಬಂದು ಮುಟ್ಟಿ, ಕಚ್ಚಿದ್ದು ಇದೇ ಕಾಲೇ ಎಂದು ಕೇಳಿದರು. ಹೌದೆಂದೆ. ಅವರು ನನ್ನ ಮುಖ ನೋಡದೆ, ಕಾಯೋಣ ಎಂದರು.

ಕಾಯುವುದೆಂದರೆ ದಿನಾ ಬೆಳಿಗ್ಗೆ ಅದನ್ನು ಮುಟ್ಟುವುದು. ಹೆಸರುಕಾಳು ವಾರದೊಳಗೆ ಕಡಲೆಯಾಯಿತು. ಮುಟ್ಟಿದ ಕೈಯನ್ನು ತೊಳೆದು, ಅದೇ ಕೈಯಿಂದ ನನ್ನ ಹೊಟ್ಟೆಯ ಬಲಬದಿಯನ್ನು ಒತ್ತಿ ನೋಡಿಕೊಳ್ಳುತ್ತಿದ್ದೆ. ಸಂಜೆ ಥರ್ಮಾಮೀಟರು ಬಾಯಲ್ಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದೆ. ನನ್ನ ಲೋಟ, ತಟ್ಟೆ, ಚೊಂಬು ಬೇರೆ ಮೂಲೆಯಲ್ಲಿದ್ದವು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಬೇರೆ ಇಟ್ಟಿದ್ದೆ.

ಒಂದು ಭಾನುವಾರ ತಡೆಯಲಾಗದೆ ಶಿವಮೊಗ್ಗದ ರೈಲು ಹತ್ತಿದೆ. ದುರ್ಗಿಗುಡಿಯಲ್ಲಿ ಅಮ್ಮನ ಮನೆಯ ಎದುರಿನ ಬಟ್ಟೆಯಂಗಡಿಯ ನೆರಳಿನಲ್ಲಿ, ಕೊಡೆಯನ್ನು ಭುಜಕ್ಕೆ ತಗ್ಗಿಸಿಕೊಂಡು ನಿಂತೆ. ವಾರಿಜ ಮೆಟ್ಟಿಲ ಮೇಲೆ ಕುಳಿತು ಹುಣಿಸೆಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಒಮ್ಮೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಕೊಡೆಯನ್ನು ನೋಡಿದಳೋ, ಅದರ ಕೆಳಗಿನ ಸೀರೆಯನ್ನು ನೋಡಿದಳೋ. ಮತ್ತೆ ಬೀಜಗಳ ಕಡೆಗೆ ಬಗ್ಗಿದಳು. ನಾನು ದಾಟದೆ ಸ್ಟೇಷನ್ನಿಗೆ ಹಿಂದಿರುಗಿದೆ. ಗುರುತಿಸಿ ಓಡಿಬಂದುಬಿಟ್ಟರೆ ಎಂದು ಹೆದರಿದ್ದೆ. ರೈಲಿನಲ್ಲಿ ಕುಳಿತ ಮೇಲೆ, ಗುರುತಿಸಲಿಲ್ಲವಲ್ಲ ಎಂದು ಹೆದರಿದೆ.

ಮರುದಿನ ಸರ್ವರ್ ಬೀ ಸೊಪ್ಪು ಕೊಡುತ್ತಾ, ಯಾವುದೋ ಬೇರೆ ಮಾತಿನ ನಡುವೆ ಹೇಳಿದಳು. "೩೧೭ ಯಾರು ಅಂತ ನಾನು ಕೇಳಲ್ಲಮ್ಮ. ಯಾರಾದ್ರೂ ಸರಿ, ಊಟ ಮಾಡ್ಬೇಕು. ಬರೀ ಕಾಫಿ ಕುಡಿದ್ರೆ ಆಗಲ್ಲ." ಸೊಪ್ಪಿನ ಕಟ್ಟಿನ ಕೆಳಗೆ ಎರಡು ಬೇಯಿಸಿದ ಗೆಣಸುಗಳಿದ್ದವು. ನಾನು ಆಚೆಯ ಗೋಡೆ ನೋಡುತ್ತಾ ತಿಂದೆ.

ನಲವತ್ತೆರಡನೆಯ ದಿನ ಅವಳು ಶೆಡ್ಡಿನ ಒಳಗೆ ಬರಲಿಲ್ಲ. ಎಂದಿಗಿಂತ ದೊಡ್ಡದೊಂದು ಕಟ್ಟು ಸೊಪ್ಪನ್ನು ಬಾಗಿಲಲ್ಲಿ ಇಟ್ಟು, "ಇವತ್ತಿಂದು ತಿಂದೇ ಹೋಗ್ಲಿ," ಎಂದು ವಾರ್ಡಿನ ಕಡೆ ನಡೆದಳು. ಎರಡೂ ಒಂದೇ ಎಸಳನ್ನು ಎರಡು ತುದಿಯಿಂದ ತಿನ್ನುತ್ತಾ ಬಂದು ಮೂತಿಗೆ ಮೂತಿ ತಾಗಿದಾಗ, ಜೈನಾಬಿ ಸುಮ್ಮನೆ ಬಿಟ್ಟುಕೊಟ್ಟಿತು.

ಡಾಕ್ಟರು ಹೊರಗಿರಿ ಎಂದರು. ನಾನು ಹೊರಗಿರಲಿಲ್ಲ. ಗಡ್ಡೆ ಇದ್ದದ್ದು ದುಲ್ಹನ್‌ಗೆ, ಆದ್ದರಿಂದ ಮೊದಲು ಅದು. ಕ್ಲೋರೋಫಾರಂ ಹಾಕಿದ ಜಾಡಿಯಲ್ಲಿ ಅದು ಮಲಗಲು ಹೆಚ್ಚು ಹೊತ್ತಾಗಲಿಲ್ಲ. ಡಾಕ್ಟರು ಕೊಯ್ದರು. ನಾನು ಅವರ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದೆ. ಗಡ್ಡೆಯನ್ನು ಒಡೆದಾಗ ಹಸಿರು ಕೀವು ಬಂತು. ಅದನ್ನು ಸ್ಲೈಡಿಗೆ ಹಚ್ಚಿ ನನ್ನ ಕೈಗೆ ಕೊಟ್ಟರು. ಬಣ್ಣ ಹಾಕಿದೆ, ಕಾಯಿಸಿದೆ, ತೊಳೆದೆ. ನೀರು ಮೊಣಕೈವರೆಗೆ ಹರಿಯಿತು. ಈ ಸಲ ನಾನು ನೋಡಲಿಲ್ಲ, ಅವರೇ ನೋಡಿದರು. ಕಾಲು ಗಂಟೆ ಸ್ಲೈಡನ್ನು ಅತ್ತಿತ್ತ ಸರಿಸಿದರು.

"ಕೆಂಪು ಒಂದೂ ಇಲ್ಲ. ಮಾಮೂಲಿ ಕೀವು. ಕಚ್ಚಿದ್ದರದೇ," ಎಂದರು. ಗುಲ್ಮ ತೋರಿಸಿದರು. ನುಣ್ಣಗಿತ್ತು. ಪಿತ್ತಜನಕಾಂಗ ತೋರಿಸಿದರು. ಅದೂ ನುಣ್ಣಗಿತ್ತು.

ಗೂಡಿನಲ್ಲಿ ಜೈನಾಬಿ ಪೆಟ್ಟಿಗೆಯ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತಿತ್ತು. ಮತ್ತೆ ಹೊಕ್ಕಿತು, ಮತ್ತೆ ಬಂತು. ಜಾಲರಿಗೆ ಮೂತಿಯಿಟ್ಟು ವೀಕ್, ವೀಕ್ ಎಂದು ಕೂಗಿತು. ಆ ಗೂಡಿನಲ್ಲಿ ಅದು ಒಂದು ವರ್ಷ ಒಂಟಿಯಾಗಿತ್ತು. ಆಗ ಅದು ಹೀಗೆ ಕೂಗಿದ್ದನ್ನು ನಾನು ಕೇಳಿರಲಿಲ್ಲ.

ಡಾಕ್ಟರು ಅದರ ಕಡೆ ನೋಡಿ, ಆಮೇಲೆ ನನ್ನ ಕಡೆ ನೋಡಿದರು. "ನನ್ನ ಮನಸ್ಸಿಗೆ ಇಷ್ಟು ಸಾಕು. ಮೇಲಿಂದ ಮುಟ್ಟಿ ನೋಡಿದ್ರೂ ಅದು ಚೆನ್ನಾಗೇ ಇದೆ. ಆದ್ರೆ ಕಿಡ್ನಿ ನಿಮ್ಮದು. ನೀವು ಹೇಳಿ, ಇನ್ನೊಂದೂ ಬೇಕಾ?"

ಬೇಡ ಎನ್ನಲು ಬಾಯಿ ತೆರೆದೆ. ಗೂಡು, ಚಾಪೆಯ ಆವರಣ, ಮೂಸಿದ ಹಳದಿ ತಲೆ ಎಲ್ಲವೂ ನೆನಪಿಗೆ ಬಂದವು. ಜೊತೆಗೆ ಮೆಟ್ಟಿಲ ಮೇಲಿನ ಹುಣಿಸೆಬೀಜಗಳ ಸಾಲೂ ಬಂತು. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇದ್ದರೆ?

"ಬೇಕು," ಎಂದೆ.

ಜೈನಾಬಿಯ ಮೈಯಲ್ಲೂ ಏನೂ ಇರಲಿಲ್ಲ.

ಡಾಕ್ಟರು ಕಾಗದದ ಮೇಲೆ ೩೧೭, ಕ್ಷಯವಿಲ್ಲ ಎಂದು ಬರೆದು ಸಹಿ ಹಾಕಿದರು. ರಕ್ತಕ್ಕೆ ಕಾರಣ ಕಲ್ಲಿರಬೇಕು, ಜ್ವರವೂ ಅದರಿಂದಲೇ ಬಂದ ಸೋಂಕಿನದಿರಬೇಕು, ನಾಳೆ ಎಕ್ಸ್‌ರೇ ತೆಗೆಸೋಣ, ಅದಕ್ಕೆ ಇಷ್ಟು ಹೆದರಬೇಕಾಗಿಲ್ಲ ಎಂದರು. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡೆ. ಹೊರಬರುವಾಗ ವಾರ್ಡಿನ ಬಾಗಿಲಲ್ಲಿ ಸರ್ವರ್ ಬೀ ನಿಂತಿದ್ದಳು. ನನ್ನ ಮುಖ ನೋಡಿ ಅವಳ ಮುಖ ಅರಳಿತು. ಆಮೇಲೆ ನನ್ನ ಹಿಂದೆ ಶೆಡ್ಡಿನ ಕಡೆ ನೋಡಿದಳು.

"ಎರಡೂನಾ?" ಎಂದಳು.

ತಲೆಯಾಡಿಸಿದೆ. ಅವಳು ನನ್ನ ತೋಳನ್ನು ಒಮ್ಮೆ ಹಿಡಿದು ಬಿಟ್ಟು ಒಳಗೆ ಹೋದಳು.

ಮಧ್ಯಾಹ್ನದ ರೈಲಿಗೆ ಶಿವಮೊಗ್ಗ ತಲುಪಿದೆ. ಈ ಸಲ ರಸ್ತೆ ದಾಟಿದೆ. ನನ್ನನ್ನು ಕಂಡು ವಾರಿಜ ಎದ್ದು ನಿಂತಳು. ಓಡಿಬರಲಿಲ್ಲ. ಅಜ್ಜಿಯ ಸೀರೆಯ ಹಿಂದೆ ಸರಿದು ಒಂದು ಕಣ್ಣಿನಿಂದ ನೋಡಿದಳು.

"ಹೋಗೇ, ಅಮ್ಮ ಕಣೇ. ಅಮ್ಮನ್ನೇ ಮರೆತ್ಯಾ ಮಾರಾಯ್ತಿ?" ಎಂದು ಅಮ್ಮ ನಗುತ್ತಾ ಅವಳ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು. ವಾರಿಜಳ ತುಟಿ ನಡುಗಿತು.

"ತಳ್ಳಬೇಡಮ್ಮ," ಎಂದೆ. "ಬಿಡು."

ನಾನು ಒಳಗೆ ಹೋಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ, ಹುಣಿಸೆಬೀಜಗಳ ಸಾಲಿನಿಂದ ಸ್ವಲ್ಪ ಆಚೆ ಕುಳಿತೆ. ನನ್ನ ಬೆರಳುಗಳಲ್ಲಿ ಇನ್ನೂ ಸ್ಪಿರಿಟ್ಟಿನ ವಾಸನೆ ಇತ್ತು. ಎಷ್ಟು ಸಾಬೂನು ಹಾಕಿದ್ದರೂ ಹೋಗಿರಲಿಲ್ಲ. ಅವಳು ಅಜ್ಜಿಯ ಸೆರಗನ್ನು ಹಿಡಿದುಕೊಂಡೇ ಒಂದು ಹೆಜ್ಜೆ ಇಟ್ಟಳು. ಸೆರಗು ಬಿಗಿಯಿತು, ನಿಂತಳು. ನನ್ನ ಕೈಗಳನ್ನು ನೋಡಿದಳು, ಆಮೇಲೆ ತನ್ನ ಬೀಜಗಳನ್ನು ನೋಡಿದಳು, ಒಂದಾದರೂ ಕಡಿಮೆಯಾಗಿದೆಯೋ ಎನ್ನುವಂತೆ. ನನ್ನ ಮೊಣಕಾಲು ಏಳಲು ಹೋಯಿತು. ನಾನು ಕೈಗಳನ್ನು ಮಡಿಲಿನಲ್ಲೇ ಇಟ್ಟುಕೊಂಡೆ.